ಓಡಿಸೋದು ಸುಲಭ, ನಿಲ್ಲಿಸೋದು ಕಷ್ಟ: ಫುಕುಓಕಾದಲ್ಲಿ ಬಾಡಿಗೆ ಕಾರು

ಪ್ರಶ್ನೆ: ಏಪ್ರಿಲ್ ಎರಡನೇ ವಾರ ಮೈಸೂರಿನಿಂದ ಜಪಾನಿನ ಫುಕುಓಕಾಗೆ ಬರುತ್ತಿದ್ದೇವೆ. ನಾನು, ಹೆಂಡತಿ, 4 ವರ್ಷದ ಮಗ, ಅಪ್ಪ, ಅಮ್ಮ. ಜರ್ಮನಿಯಲ್ಲಿರುವ ಅಣ್ಣ ಅಲ್ಲಿಗೇ ಬಂದು ಸೇರಿಕೊಳ್ಳುತ್ತಾನೆ. ಒಟ್ಟು ಆರು ದಿನ. ಅಪ್ಪನಿಗೆ ಮಂಡಿ ನೋವು, ಹಾಗಾಗಿ ಏರ್‌ಪೋರ್ಟ್‌ನಲ್ಲೇ ಕಾರು ತಗೊಂಡು ಆರೂ ದಿನ ಇಟ್ಟುಕೊಳ್ಳೋಣ ಅಂತಿದ್ದೇನೆ. 12 ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಅಲ್ಲೂ ಎಡಗಡೆಯೇ ಓಡಿಸೋದಂತೆ. ಏನೇನು ಕಾಗದ ಬೇಕು? ಅಣ್ಣನೂ ಓಡಿಸಬಹುದಾ? ಕಷ್ಟ ಆಗುತ್ತಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕಾರು ಓಡಿಸೋದು ಕಷ್ಟ ಇಲ್ಲ. ನಿಲ್ಲಿಸೋದು ಕಷ್ಟ. ಪಾರ್ಕಿಂಗ್ ಒಂದೇ ಅಂದುಕೊಳ್ಳಬೇಡಿ, ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲೆಲ್ಲ ಪೂರ್ತಿ ನಿಲ್ಲೋದನ್ನೂ ಸೇರಿಸಿ ಹೇಳುತ್ತಿದ್ದೇನೆ. 11 ವರ್ಷದಿಂದ ಇಲ್ಲಿದ್ದೇನೆ, ನಮ್ಮ ಊರುಗಳಿಂದ ಬರುವ ಮನೆಯವರಿಗೆ ಪ್ರಯಾಣದ ಏರ್ಪಾಟು ಮಾಡಿಕೊಡೋದೇ ನನ್ನ ಕೆಲಸ. ಗುದ್ದಿಕೊಂಡವರು ಕಡಿಮೆ. ಎಲ್ಲೋ ನಿಲ್ಲಿಸಬಾರದ ಕಡೆ ನಿಲ್ಲಿಸಿ, ಅಥವಾ ನಿಲ್ಲಬೇಕಾದ ಕಡೆ ನಿಲ್ಲದೆ ಸಿಕ್ಕಿಕೊಂಡವರೇ ಜಾಸ್ತಿ.

ಹಾಗಾಗಿ ಮೊದಲನೇ ಸಲಹೆ: ಆರು ದಿನ ಕಾರು ಬೇಡ. ನಡುವಿನ ಎರಡು ದಿನ ಸಾಕು. ಊರೊಳಗೆ ಇರುವಾಗ ಬೇಡವೇ ಬೇಡ.

ಯಾಕೆ ಅಂದರೆ ಫುಕುಓಕಾ ಊರು ಹಾಗಿದೆ. ಏರ್‌ಪೋರ್ಟ್ ಊರಿನ ಮಡಿಲಲ್ಲೇ ಇದೆ. ಅಲ್ಲಿಂದ ಮೆಟ್ರೋ ಹತ್ತಿದರೆ ಎರಡನೇ ಸ್ಟಾಪೇ ಊರಿನ ಮುಖ್ಯ ರೈಲ್ವೆ ಸ್ಟೇಷನ್ ಹಕಾತಾ, ಐದು ನಿಮಿಷ ಅಷ್ಟೇ. ಊರಿನ ನಡುವಿನ ಪೇಟೆ ತೆಂಜಿನ್‌ಗೆ ಹನ್ನೊಂದು ನಿಮಿಷ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಬಂದು ಗೊತ್ತಿರುವವರಿಗೆ ಇದನ್ನು ಹೇಳಿದರೆ ನಂಬೋದೇ ಇಲ್ಲ. ಒಂದು ಸಣ್ಣ ತೊಡಕು, ಮೆಟ್ರೋ ಇರೋದು ಡೊಮೆಸ್ಟಿಕ್ ಟರ್ಮಿನಲ್ ಕಡೆ. ನೀವು ಇಳಿಯೋದು ಇಂಟರ್‌ನ್ಯಾಷನಲ್ ಕಡೆ. ನಡುವೆ ಪುಕ್ಕಟೆ ಬಸ್ಸಿದೆ. ಸಾಮಾನು ಜಾಸ್ತಿ ಇದ್ದರೆ ಅಲ್ಲಿಂದಲೇ ಹಕಾತಾ ಸ್ಟೇಷನ್‌ಗೆ ನೇರ ಬಸ್ಸೂ ಇದೆ, ಅದೇ ವಾಸಿ.

ತಂದೆಯವರ ಮಂಡಿ ವಿಷಯ. ಮೆಟ್ರೋ ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ, ಹುಡುಕಿಕೊಂಡು ಹೋಗಬೇಕು ಅಷ್ಟೇ. ಸುಸ್ತಾದರೆ ಟ್ಯಾಕ್ಸಿ. ಬಾಗಿಲು ತಾನಾಗೇ ತೆಗೆಯುತ್ತದೆ, ಹೋಟೆಲ್ ಬಾಗಿಲಿಗೇ ಬಿಡುತ್ತಾರೆ. ನೀವು ಕಾರು ಓಡಿಸಿದರೆ ಪಾರ್ಕಿಂಗ್‌ನಿಂದ ಹೋಟೆಲ್ಲಿಗೆ ಅವರು ನಡೆಯಲೇಬೇಕು, ಅಲ್ವಾ? ಮಂಡಿ ನೋವಿಗೆ ಕಾರು ಅಂತ ತಗೊಂಡು, ಆ ಕಾರಿನಿಂದಲೇ ಜಾಸ್ತಿ ನಡೆಸಿದವರನ್ನು ನೋಡಿದ್ದೇನೆ. ದಝೈಫು ದೇವಸ್ಥಾನಕ್ಕೆ ತೆಂಜಿನ್‌ನಿಂದ ನಿಷಿತೆತ್ಸು ರೈಲಿದೆ. 41 ಮೀಟರ್ ಉದ್ದದ ಮಲಗಿದ ಬುದ್ಧನಿರುವ ನಾನ್‌ಝೋಯಿನ್‌ಗೆ ಹಕಾತಾದಿಂದ ಜೆಆರ್ ರೈಲಿದೆ. ಇವೆರಡಕ್ಕೂ, ಓಹೋರಿ ಕೆರೆಗೂ ಕಾರು ತಗೊಂಡು ಹೋದರೆ ಅರ್ಧ ದಿನ ಜಾಗ ಹುಡುಕೋದರಲ್ಲೇ ಹೋಗುತ್ತದೆ.

ಕಾರು ಬೇಕಾಗೋದು ಅಸೋ ಅನ್ನೋ ಅಗ್ನಿಪರ್ವತದ ಸೀಮೆ, ಯುಫುಯಿನ್ ಅನ್ನೋ ಬಿಸಿನೀರಿನ ಬುಗ್ಗೆಗಳ ಊರು, ಈ ಕಡೆ ಹೋಗೋಕೆ. ಅಲ್ಲಿ ಬಸ್ಸು ಗಂಟೆಗೊಂದು, ಕೆಲವು ಕಡೆ ದಿನಕ್ಕೆರಡು. ಮಗು, ಹಿರಿಯರನ್ನು ಕಟ್ಟಿಕೊಂಡು ಗುಡ್ಡದ ಬಸ್ ಸ್ಟಾಪಿನಲ್ಲಿ ಗಾಳಿಗೆ ಕೂರೋಕೆ ಆಗಲ್ಲ. ಅಲ್ಲಿ ಕಾರಿಗೆ ಕೊಟ್ಟ ದುಡ್ಡು ದಂಡ ಅಲ್ಲ.

ಈಗ ಕಾಗದ. ನಿಮ್ಮದು ಸುಲಭ. ಜಪಾನ್ ಒಪ್ಪೋದು 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾತ್ರ, ಎಲ್ಲರೂ ಐಡಿಪಿ ಅನ್ನೋದು ಅದನ್ನೇ. ಭಾರತ ಆ ಒಪ್ಪಂದದಲ್ಲಿದೆ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನಿಮ್ಮ ಆರ್‌ಟಿಓದಿಂದ ಮಾಡಿಸಿಕೊಳ್ಳಿ. ಸರ್ಕಾರಿ ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಹಿಂದೆ ರಾಜ್ಯಕ್ಕೊಂದು ಬಣ್ಣ, ಆರ್‌ಟಿಓಗೊಂದು ಅಳತೆ ಅಂತಿತ್ತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದೇ ನಮೂನೆ ಮಾಡಿತು. ಕೈಗೆ ಬಂದ ತಕ್ಷಣ ಎರಡು ಕಡೆ ಕಣ್ಣಾಡಿಸಿ. ಮುಖಪುಟದಲ್ಲಿ 1949ರ ಒಪ್ಪಂದ ಅಂತ ಇರಬೇಕು. ಒಳಗೆ 'ಬಿ' ಅನ್ನುವ ಕಾರಿನ ವರ್ಗಕ್ಕೆ ಮುದ್ರೆ ಬಿದ್ದಿರಬೇಕು. ಕೌಂಟರ್‌ನಲ್ಲಿರುವ ಹುಡುಗಿ ನೋಡೋದೂ ಅದನ್ನೇ, ಬೆರಳಿಟ್ಟು ನೋಡುತ್ತಾಳೆ. ಆನ್‌ಲೈನಿನಲ್ಲಿ ಎರಡು ದಿನಕ್ಕೆ 'ಇಂಟರ್‌ನ್ಯಾಷನಲ್ ಲೈಸೆನ್ಸ್' ಕಳಿಸುತ್ತೇವೆ ಅನ್ನುವ ಖಾಸಗಿಯವರ ಕಾರ್ಡು ಇಲ್ಲಿ ನಡೆಯೋದಿಲ್ಲ, ಅದನ್ನು ಹಿಡಿದು ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೇ ಲೆಕ್ಕ. ಐಡಿಪಿ ಜೊತೆ ಊರಿನ ಡಿಎಲ್ ಕಾರ್ಡು, ಪಾಸ್‌ಪೋರ್ಟ್ ಮೂರೂ ಕೈಲಿರಬೇಕು. ಡಿಎಲ್ ಮೊಬೈಲಿನ ಡಿಜಿಲಾಕರ್‌ನಲ್ಲಿದೆ ಅನ್ನೋದು ಇಲ್ಲಿ ಯಾರಿಗೂ ಅರ್ಥ ಆಗೋದಿಲ್ಲ.

ಅಣ್ಣನ ಕಥೆ ಬೇರೆ. ಜರ್ಮನಿ ಕೊಡುವ ಐಡಿಪಿ ಇಲ್ಲಿ ನಡೆಯೋದಿಲ್ಲ. ಆಶ್ಚರ್ಯ ಆಗಬಹುದು, ಆದರೆ ಜರ್ಮನಿ ಆ 1949ರ ಒಪ್ಪಂದದಲ್ಲಿಲ್ಲ. ಅದರ ಬದಲು ಜರ್ಮನಿ, ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಬೆಲ್ಜಿಯಂ, ಮೊನಾಕೊ, ತೈವಾನ್ ಈ ಆರು ಕಡೆಯ ಲೈಸೆನ್ಸಿಗೆ ಜಪಾನಿ ಅನುವಾದ ಇದ್ದರೆ ಸಾಕು ಅಂತ ನಿಯಮ. ಆ ಅನುವಾದ ಜಾಫ್‌ನವರು ಮಾಡಿಕೊಡುತ್ತಾರೆ, ಅಂದರೆ ಜಪಾನ್ ಆಟೊಮೊಬೈಲ್ ಫೆಡರೇಷನ್. ಅಣ್ಣ ಬರೋ ಮುಂಚೆಯೇ ಆನ್‌ಲೈನಿನಲ್ಲಿ ಅರ್ಜಿ ಹಾಕಲಿ. ಅಲ್ಲಿಯ ಐಡಿಪಿಯೊಂದನ್ನೇ ಹಿಡಿದು ಬಂದು ಕೌಂಟರ್‌ನಲ್ಲಿ ಪೆಚ್ಚುಮೋರೆ ಹಾಕಿಕೊಂಡವರು ಪ್ರತಿ ವರ್ಷ ಒಬ್ಬರಾದರೂ ನನಗೆ ಫೋನ್ ಮಾಡುತ್ತಾರೆ. ಇನ್ನೊಂದು, ಇಬ್ಬರೂ ಓಡಿಸೋದಾದರೆ ಇಬ್ಬರ ಹೆಸರೂ ಕಾರು ತಗೊಳ್ಳುವಾಗಲೇ ಬರೆಸಬೇಕು. ಬರೆಸದವರು ಓಡಿಸುವಾಗ ಏನಾದರೂ ಆದರೆ ಇನ್ಶೂರೆನ್ಸ್ ಬರೋದಿಲ್ಲ.

ಆದರೂ ಜಾಸ್ತಿ ನೀವೇ ಓಡಿಸಿ. ನೀವು ಎಡಗಡೆಯವರು, ಅಣ್ಣ ಬಲಗಡೆ ಓಡಿಸೋ ಜರ್ಮನಿಯಿಂದ ಬರೋರು. ಮಾರುತಿ ಓಡಿಸಿದ್ದರೆ ಇಂಡಿಕೇಟರ್ ಕಡ್ಡಿ ಬಲಗೈಗೆ ಸಿಗೋದೂ ಅಭ್ಯಾಸ ಇದೆ, ಇಲ್ಲೂ ಹಾಗೇ. ಅಣ್ಣ ಮೊದಲ ದಿನ ತಿರುಗೋ ಕಡೆಯೆಲ್ಲ ವೈಪರ್ ಹಾಕುತ್ತಾರೆ, ನಗಬೇಡಿ. ನಗು ಬರದೇ ಇರೋದು ಯಾವಾಗ ಅಂದರೆ, ಖಾಲಿ ಹಳ್ಳಿ ರಸ್ತೆಗೆ ತಿರುಗಿದ ಕೂಡಲೇ ಕೈ ತಾನಾಗೇ ಬಲಗಡೆಗೆ ಎಳೆದಾಗ. ಅವರಿಗೆ ಎಕ್ಸ್‌ಪ್ರೆಸ್‌ವೇ ಬಿಟ್ಟುಕೊಡಿ. ಗೇರಿನ ಕಾರೇ ಓಡಿಸಿ ಅಭ್ಯಾಸ ಇದ್ದರೆ ಒಂದು ಮಾತು: ಬಾಡಿಗೆ ಕಾರು ಹೆಚ್ಚುಕಡಿಮೆ ಎಲ್ಲಾ ಆಟೊಮ್ಯಾಟಿಕ್, ಮತ್ತೆ ಕೆಲವು ಕಾರಿನಲ್ಲಿ ಎಡಗಾಲಿನ ಹತ್ತಿರ ಕ್ಲಚ್ಚಿನ ಹಾಗೇ ಒಂದು ಪೆಡಲ್ ಇರುತ್ತದೆ, ಅದು ಪಾರ್ಕಿಂಗ್ ಬ್ರೇಕ್. ಎಡಗಾಲನ್ನು ಹಿಂದಕ್ಕೆ ಇಟ್ಟುಕೊಂಡೇ ಕೂರಿ.

ಯಾವ ಕಾರು? ನೀವು ಆರು ಜನ. ಹಳದಿ ನಂಬರ್ ಪ್ಲೇಟಿನ ಪುಟ್ಟ 'ಕೇ' ಕಾರು ನೋಡೋಕೆ ಮುದ್ದಾಗಿದೆ, ಬಾಡಿಗೆಯೂ ಕಮ್ಮಿ, ಆದರೆ ಅದು ನಾಲ್ಕೇ ಜನಕ್ಕೆ. ಸಿಯೆಂಟಾ ಅಥವಾ ಫ್ರೀಡ್ ಥರದ ಮೂರು ಸಾಲಿನ ಕಾರು ಬೇಕು. ಮೂರನೇ ಸಾಲು ಬಿಚ್ಚಿದರೆ ಹಿಂದೆ ದೊಡ್ಡ ಸೂಟ್‌ಕೇಸ್ ಹಿಡಿಯೋದಿಲ್ಲ. ಅದಕ್ಕೇ ದೊಡ್ಡ ಸಾಮಾನೆಲ್ಲ ಹಕಾತಾದ ಹೋಟೆಲ್ಲಿನಲ್ಲೇ ಬಿಟ್ಟು ಹೋಗಿ, ವಾಪಸ್ ಅಲ್ಲಿಗೇ ಬರೋದಲ್ವಾ, ಕೇಳಿದರೆ ಇಟ್ಟುಕೊಳ್ಳುತ್ತಾರೆ. ಮಗನಿಗೆ ಚೈಲ್ಡ್ ಸೀಟ್ ಬುಕ್ ಮಾಡುವಾಗಲೇ ಹೇಳಿ, ಆರು ವರ್ಷದೊಳಗಿನ ಮಕ್ಕಳಿಗೆ ಕಾನೂನು ಪ್ರಕಾರ ಬೇಕೇ ಬೇಕು. ತೊಡೆ ಮೇಲೆ ಕೂರಿಸಿಕೊಳ್ಳೋ ಲೆಕ್ಕ ಇಲ್ಲ. ಹಿಂದೆ ಕೂತ ಅಪ್ಪ ಅಮ್ಮನಿಗೂ ಬೆಲ್ಟ್ ಕಡ್ಡಾಯ.

ಇನ್ಶೂರೆನ್ಸ್ ಹತ್ತಿರ ಜಿಪುಣತನ ಬೇಡ. ಬಾಡಿಗೆಯಲ್ಲೇ ಮೂಲ ವಿಮೆ ಸೇರಿರುತ್ತದೆ, ಆದರೆ ಮೊದಲ ಒಂದಿಷ್ಟು ಸಾವಿರ ಯೆನ್ ನಷ್ಟ ನೀವೇ ಕೊಡಬೇಕು ಅಂತಿರುತ್ತದೆ. ಅದನ್ನು ಮನ್ನಾ ಮಾಡಿಸುವ ದಿನದ ಶುಲ್ಕ ಒಂದಿದೆ, ಕಟ್ಟಿಬಿಡಿ. ಅದರಾಚೆ ಎನ್‌ಒಸಿ ಅಂತ ಇನ್ನೊಂದಿದೆ. ನಮ್ಮಲ್ಲಿ ಎನ್‌ಒಸಿ ಅಂದರೆ ನಮ್ಮದೇನೂ ತಕರಾರಿಲ್ಲ ಅನ್ನೋ ಪತ್ರ. ಇಲ್ಲಿ ಎನ್‌ಒಸಿ ಅಂದರೆ ತಕರಾರಿದೆ ದುಡ್ಡು ಕೊಡು ಅಂತ. ನಾನ್ ಆಪರೇಷನ್ ಚಾರ್ಜ್. ಕಾರು ರಿಪೇರಿಗೆ ಹೋದ ದಿನಗಳಲ್ಲಿ ಕಂಪನಿಗೆ ಬಾಡಿಗೆ ತಪ್ಪಿತಲ್ಲ, ಅದರ ಬಾಬ್ತು. ಕಾರು ಓಡಿಸಿಕೊಂಡು ವಾಪಸ್ ಬಂದರೆ 20,000 ಯೆನ್, ಎಳೆಸಿಕೊಂಡು ಬಂದರೆ 50,000 ಅನ್ನೋದು ನಾನು ಜಾಸ್ತಿ ನೋಡಿರುವ ದರ. ಇದೂ ಸೇರಿರುವ ಪೂರ್ತಿ ಪ್ಯಾಕೇಜ್ ಸಿಗುತ್ತದೆ, ಅದನ್ನೇ ತಗೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ ನಾನೇ ಕಟ್ಟಿದ್ದೇನೆ. ಇತೋಶಿಮಾ ಅಂತ ಫುಕುಓಕಾ ಪಕ್ಕದಲ್ಲಿ ಒಂದು ಸೊಗಸಾದ ಕಡಲ ತೀರ ಇದೆ, ಅದರ ಹಿಂದೆ ಭತ್ತದ ಗದ್ದೆಗಳು. ಬಂದ ಹೊಸದರಲ್ಲಿ ಬಾಡಿಗೆ ಕಾರಿನಲ್ಲಿ ಗದ್ದೆ ನಡುವಿನ ದಾರಿಯಲ್ಲಿ ಹೋಗುತ್ತಿದ್ದೆ. ಎದುರಿಂದ ಒಂದು ಪುಟ್ಟ ಬಿಳಿ ಟ್ರಕ್, ಒಳಗೆ ಅಜ್ಜ ಅಜ್ಜಿ. ಜಾಗ ಕೊಡೋಣ ಅಂತ ಊರಿನ ಅಭ್ಯಾಸದಲ್ಲಿ ಎಡಕ್ಕೆ ಸ್ವಲ್ಪ ಜಾಸ್ತಿಯೇ ಒತ್ತಿದೆ. ನಮ್ಮಲ್ಲಾದರೆ ರಸ್ತೆ ಮುಗಿದ ಮೇಲೂ ಒಂದಡಿ ಮಣ್ಣಿರುತ್ತದೆ. ಇಲ್ಲಿ ಡಾಂಬರು ಮುಗಿದ ಕಡೆ ಕಾಂಕ್ರೀಟ್ ಚರಂಡಿ, ಮೇಲೆ ಮುಚ್ಚಳ ಇಲ್ಲ, ಹುಲ್ಲು ಬೆಳೆದು ಕಾಣೋದೂ ಇಲ್ಲ. ಧಡ್ ಅಂತ ಹಿಂದಿನ ಎಡಚಕ್ರ ಒಳಗೆ ಇಳಿಯಿತು. ಕಾರು ಒಂದು ಪಕ್ಕಕ್ಕೆ ವಾಲಿ ನಿಂತಿತು. ಅಜ್ಜ ಇಳಿದು ಬಂದು, ಚಕ್ರ ನೋಡಿ, ನನ್ನ ಮುಖ ನೋಡಿ, ನಂಬರ್ ಪ್ಲೇಟ್ ನೋಡಿ 'ಆ, ವಾ ನಂಬಾ' ಅಂದರು. ಬಾಡಿಗೆ ಕಾರಿನ ಪ್ಲೇಟಿನಲ್ಲಿ 'ವಾ' ಅನ್ನೋ ಅಕ್ಷರ ಇರುತ್ತದೆ ಅಂತ ಅವತ್ತು ಗೊತ್ತಾಯಿತು. ಜಾಫ್‌ನವರು ಬರೋಕೆ ಮುಕ್ಕಾಲು ಗಂಟೆ, ಅಲ್ಲೀವರೆಗೂ ಅಜ್ಜಿ ಕೊಟ್ಟ ಕಿತ್ತಳೆ ತಿನ್ನುತ್ತಾ ನಿಂತಿದ್ದೆ. ಬಂಪರ್ ಕೆಳಗೆ ಕೈಯಗಲ ಗೀರು. ಎನ್‌ಒಸಿ ಮನ್ನಾ ಶುಲ್ಕ ಉಳಿಸಿದ್ದೆ ನೋಡಿ, 20,000 ಯೆನ್ ಹೋಯಿತು. ಎದುರು ವಾಹನ ಬಂದರೆ ಈಗ ನಾನು ಒತ್ತೋದೇ ಇಲ್ಲ. ನಿಲ್ಲುತ್ತೇನೆ. ಅವರೇ ಹಿಂದಕ್ಕೆ ಹೋಗುತ್ತಾರೆ, ಇಲ್ಲಾ ನಾನು ಹೋಗುತ್ತೇನೆ.

ಅಂಥದ್ದೇನಾದರೂ ಆದರೆ, ಬರೀ ಕಂಬಕ್ಕೆ ತಾಗಿದರೂ, 110ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಸಲೇಬೇಕು. ಪೊಲೀಸ್ ದಾಖಲೆ ಇಲ್ಲ ಅಂದರೆ ಇನ್ಶೂರೆನ್ಸ್ ಇಲ್ಲ. ಕೈಗೆ ಕೈ ದುಡ್ಡು ಕೊಟ್ಟು ಮುಗಿಸೋ ಪದ್ಧತಿ ಬೇಡ.

ಈಗ ನಿಲ್ಲೋ ಪಾಠ. ನಾನು ಇಲ್ಲಿಯ ಲೈಸೆನ್ಸಿಗೆ ಬದಲಾಯಿಸಿಕೊಳ್ಳುವಾಗ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದೆ. ಊರಿನಲ್ಲಿ ಒಂಬತ್ತು ವರ್ಷ ಓಡಿಸಿದ ಜಂಬ ಇತ್ತು. ಮೊದಲ ಸಲ, ಎಡಕ್ಕೆ ತಿರುಗುವ ಮುಂಚೆ ಕುತ್ತಿಗೆ ತಿರುಗಿಸಿ ಎಡ ಭುಜದ ಹಿಂದೆ ನೋಡಲಿಲ್ಲ. ಎಡಗಡೆಯಿಂದ ಸೈಕಲ್ ಬರುತ್ತಿರಬಹುದು, ಅದಕ್ಕೆ. ಎರಡನೇ ಸಲ 'ತೋಮಾರೆ' ಬೋರ್ಡ್ ಹತ್ತಿರ ನಿಂತೆ ಅಂದುಕೊಂಡಿದ್ದೆ, ಪರೀಕ್ಷಕರು ಚಕ್ರ ಉರುಳುತ್ತಿತ್ತು ಅಂದರು. ಉರುಳುತ್ತಿತ್ತು, ಸುಳ್ಳಲ್ಲ.

ತೋಮಾರೆ ಅಂದರೆ ನಿಲ್ಲು. ತಲೆಕೆಳಗಾದ ಕೆಂಪು ತ್ರಿಕೋನ, ರಸ್ತೆ ಮೇಲೂ ದಪ್ಪ ಬಿಳಿ ಗೆರೆ. ಯಾರೂ ಇಲ್ಲದ ಗಲ್ಲಿಯಲ್ಲಿ, ನಡುರಾತ್ರಿಯಲ್ಲಿ ಕೂಡ ಚಕ್ರ ಪೂರ್ತಿ ನಿಲ್ಲಬೇಕು. ಪೊಲೀಸರು ಗಲ್ಲಿಯ ತಿರುವಿನಲ್ಲಿ ಕಾದು ಹಿಡಿಯೋದು ಇದನ್ನೇ. ರೈಲ್ವೆ ಗೇಟ್ ತೆರೆದಿದ್ದರೂ ಹಳಿಗೆ ಮುಂಚೆ ಒಮ್ಮೆ ನಿಂತೇ ದಾಟಬೇಕು. ಮುಂದಿನ ಕಾರು ದಾಟಿತು ಅಂತ ಅದರ ಬಾಲ ಹಿಡಿದು ಹೋಗೋ ಹಾಗಿಲ್ಲ, ನೀವು ನಿಮ್ಮ ಪಾಲಿನದು ನಿಲ್ಲಬೇಕು, ಮತ್ತೆ ಹಳಿಯ ಆಚೆ ನಿಮ್ಮ ಕಾರು ನಿಲ್ಲುವಷ್ಟು ಜಾಗ ಇದೆಯಾ ನೋಡಿಯೇ ಹೊರಡಬೇಕು. ಜೀಬ್ರಾ ಕ್ರಾಸಿಂಗ್ ಬರುತ್ತಿದೆ ಅಂತ ರಸ್ತೆ ಮೇಲೆ ಮೊದಲೇ ಬಿಳಿ ವಜ್ರದ ಆಕಾರ ಬರೆದಿರುತ್ತಾರೆ. ಅದು ಕಂಡರೆ ಕಾಲು ಬ್ರೇಕ್ ಮೇಲೆ. ದಾಟೋಕೆ ಅಂತ ಯಾರಾದರೂ ಅಂಚಿನಲ್ಲಿ ನಿಂತಿದ್ದರೆ ನೀವು ನಿಲ್ಲಬೇಕು.

ಸಿಗ್ನಲ್ ಕೆಂಪಿದ್ದರೆ ಎಡಕ್ಕೂ ಹೋಗೋ ಹಾಗಿಲ್ಲ. ನಮ್ಮ 'ಫ್ರೀ ಲೆಫ್ಟ್' ಅನ್ನೋ ಪದಾರ್ಥವೇ ಇಲ್ಲಿಲ್ಲ. ನನ್ನ ಪ್ರಕಾರ ಕರ್ನಾಟಕದಿಂದ ಬಂದವರು ಮಾಡುವ ತಪ್ಪುಗಳಲ್ಲಿ ಇದೇ ಮೊದಲನೇದು, ಯಾಕೆ ಅಂದರೆ ಅದು ತಪ್ಪು ಅಂತ ಅನ್ನಿಸೋದೇ ಇಲ್ಲ. ಕೆಂಪಿನ ಕೆಳಗೆ ಹಸಿರು ಬಾಣ ಬಂದರೆ ಆ ದಿಕ್ಕಿಗೆ ಮಾತ್ರ ಹೋಗಬಹುದು. ಬಲಕ್ಕೆ ತಿರುಗುವಾಗ ಎದುರಿಂದ ನೇರ ಬರುವವರೆಲ್ಲ ಹೋಗುವವರೆಗೂ ನಡುವೆ ಕಾಯಬೇಕು, ಮೂತಿ ತೂರಿಸಿ ದಾರಿ ಮಾಡಿಕೊಳ್ಳಬೇಡಿ. ಅಂದಹಾಗೆ ಇಲ್ಲಿಯವರು ಹಸಿರು ಸಿಗ್ನಲ್ಲಿಗೆ 'ಆಓ' ಅಂತಾರೆ, ಅಂದರೆ ನೀಲಿ. ಮಗ ವಾದ ಮಾಡಿದರೆ ಬಿಟ್ಟುಬಿಡಿ.

ಹಾರ್ನ್ ಮರೆತುಬಿಡಿ. ಸಿಗ್ನಲ್ ಹಸಿರಾಗಿ ಮುಂದಿನ ಕಾರಿನವನು ಎರಡು ಸೆಕೆಂಡ್ ಕದಲಲಿಲ್ಲ ಅಂತ ನಾನು ಒಮ್ಮೆ ಪೀಂ ಅಂತ ಒತ್ತಿದ್ದೆ. ಅಕ್ಕಪಕ್ಕದ ಫುಟ್‌ಪಾತಿನವರೆಲ್ಲ ನಿಂತು ನನ್ನನ್ನೇ ನೋಡಿದರು. ಅಪಾಯ ತಪ್ಪಿಸೋಕೆ ಬಿಟ್ಟು ಬೇರೆಯದಕ್ಕೆ ಒತ್ತೋದು ನಿಯಮಕ್ಕೂ ವಿರುದ್ಧ. ಯಾರಾದರೂ ಜಾಗ ಬಿಟ್ಟುಕೊಟ್ಟರೆ ಹಜಾರ್ಡ್ ಲೈಟ್ ಎರಡು ಸಲ ಮಿನುಗಿಸುತ್ತಾರೆ, ಥ್ಯಾಂಕ್ಸ್ ಅಂತ. ನೀವೂ ಮಾಡಿ.

ಹಸಿರು ಹಳದಿ ಎಲೆಯ ಸ್ಟಿಕ್ಕರ್ ಇರುವ ಕಾರು ಹೊಸದಾಗಿ ಕಲಿತವರದು, ನಾಲ್ಕು ಎಸಳಿನದು ವಯಸ್ಸಾದವರದು. ಅವರ ಮುಂದೆ ನುಗ್ಗೋದು ದಂಡದ ಬಾಬ್ತು. ಮೊಬೈಲ್ ಕೈಲಿ ಹಿಡಿದು ಓಡಿಸಿದರೆ 18,000 ಯೆನ್. ವೇಗ ಬೋರ್ಡಿನಲ್ಲಿ ಬರೆದಷ್ಟೇ. ಬೋರ್ಡ್ ಇಲ್ಲದ ಸಾಮಾನ್ಯ ರಸ್ತೆಯಲ್ಲಿ 60, ಆದರೆ ನಡುವೆ ಗೆರೆಯೇ ಇಲ್ಲದ ಕಿರಿದಾದ ಮನೆಬೀದಿಗಳಿಗೆ 2026ರ ಸೆಪ್ಟೆಂಬರ್‌ನಿಂದ 30 ಅಂತ ಕಾನೂನು ಮಾಡಿದ್ದಾರೆ. ಈಗಿನಿಂದಲೇ 30 ಇಟ್ಟುಕೊಂಡರೆ ನಷ್ಟ ಏನಿಲ್ಲ. ಕುಡಿಯೋ ವಿಷಯ ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಇಷ್ಟು ಗೊತ್ತಿರಲಿ: ಓಡಿಸಿದವನ ಜೊತೆ, ಗೊತ್ತಿದ್ದೂ ಪಕ್ಕದಲ್ಲಿ ಕೂತವನಿಗೂ, ಕುಡಿಸಿದವನಿಗೂ ಶಿಕ್ಷೆ ಇದೆ. ಹಿಂದಿನ ರಾತ್ರಿ ಅಣ್ಣತಮ್ಮ ಕೂತು ಜಾಸ್ತಿ ಹೊತ್ತು ಮಾತಾಡಿದ್ದರೆ ಬೆಳಗ್ಗೆ ಕೂಡ ಉಸಿರಿನಲ್ಲಿ ಸಿಗುತ್ತದೆ.

ಪಾರ್ಕಿಂಗಿಗೆ ಬರುತ್ತೇನೆ. ರಸ್ತೆ ಬದಿ ನಿಲ್ಲಿಸಿ 'ಐದೇ ನಿಮಿಷ' ಅನ್ನೋದು ಇಲ್ಲಿ ನಡೆಯೋದಿಲ್ಲ. ಹಸಿರು ಸಮವಸ್ತ್ರದವರು ಇಬ್ಬಿಬ್ಬರು ತಿರುಗುತ್ತಾ ಗಾಜಿಗೆ ಹಳದಿ ಚೀಟಿ ಅಂಟಿಸಿ ಹೋಗುತ್ತಾರೆ. ಆಮೇಲೆ ಪೊಲೀಸ್ ಠಾಣೆಗೆ ಹೋಗಿ, ದಂಡ ಕಟ್ಟಿ, ರಸೀದಿ ತಂದು ಕಾರಿನ ಕಂಪನಿಗೆ ತೋರಿಸಬೇಕು. ಇಲ್ಲದಿದ್ದರೆ ಕಂಪನಿಯೇ ನಿಮ್ಮ ಕಾರ್ಡಿನಿಂದ ದಂಡಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತದೆ.

ಕಾಯಿನ್ ಪಾರ್ಕಿಂಗ್ ಅಂತ ಗಲ್ಲಿಗಲ್ಲಿಯಲ್ಲಿ ಇದೆ. ನಾಲ್ಕು ಕಾರು ಹಿಡಿಯೋ ಜಾಗ, ಕಾವಲುಗಾರ ಇಲ್ಲ. ನೀವು ನಿಲ್ಲಿಸಿದ ಕೆಲವು ನಿಮಿಷಕ್ಕೆ ಕಾರಿನ ಹೊಟ್ಟೆ ಕೆಳಗೆ ಒಂದು ಕಬ್ಬಿಣದ ತಟ್ಟೆ ಕಿರ್ ಅಂತ ಮೇಲೇಳುತ್ತದೆ. ಹೊರಡುವಾಗ ಯಂತ್ರದಲ್ಲಿ ನಿಮ್ಮ ಜಾಗದ ನಂಬರ್ ಒತ್ತಿ ದುಡ್ಡು ಹಾಕಬೇಕು, ತಟ್ಟೆ ಪೂರ್ತಿ ಮಲಗಿದ್ದನ್ನು ಬಗ್ಗಿ ಕಣ್ಣಾರೆ ನೋಡಿದ ಮೇಲೇ ಗಾಡಿ ತೆಗೆಯಬೇಕು. ಹಳೆಯ ಯಂತ್ರಗಳಿಗೆ 1,000 ಯೆನ್ ನೋಟು, ಚಿಲ್ಲರೆ ಮಾತ್ರ ಗೊತ್ತು. 10,000ದ ನೋಟು ಹಿಡಿದು ಸುಮ್ನೆ ನಿಲ್ಲಬೇಕಾಗುತ್ತದೆ. ಬೋರ್ಡಿನಲ್ಲಿ ದೊಡ್ಡದಾಗಿ ಬರೆದ 'ಗರಿಷ್ಠ ಇಷ್ಟು' ಅನ್ನೋ ದರ ಒಂದೇ ಸಲಕ್ಕೆ ಇರಬಹುದು, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ರಾತ್ರಿಯಿಡೀ ಬಿಟ್ಟರೆ ಮತ್ತೆ ಗಂಟೆ ಲೆಕ್ಕ ಶುರು. ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡಿಸಿ ಓದಿಕೊಳ್ಳಿ.

ಹೋಟೆಲ್ಲಿಗೆ ಪಾರ್ಕಿಂಗ್ ಇದೆಯಲ್ಲ ಅಂತೀರಿ. ಹಕಾತಾ, ತೆಂಜಿನ್ ಕಡೆ ಎಷ್ಟೋ ಹೋಟೆಲ್ಲಿನದು ಗೋಪುರದ ಪಾರ್ಕಿಂಗ್, ಲಿಫ್ಟಿನ ಹಾಗೆ ಕಾರನ್ನು ಮೇಲೆತ್ತಿ ಗೂಡಿನಲ್ಲಿಡೋದು. ಅಲ್ಲಿ ಎತ್ತರದ ಮಿತಿ ಸಾಮಾನ್ಯವಾಗಿ 1.55 ಮೀಟರ್. ನಿಮ್ಮ ಮೂರು ಸಾಲಿನ ಕಾರು ಅದಕ್ಕಿಂತ ಎತ್ತರ, ಒಳಗೆ ಹೋಗೋದಿಲ್ಲ. ಊರೊಳಗೆ ಕಾರು ಬೇಡ ಅಂದಿದ್ದು ಇದಕ್ಕೂ ಸೇರಿಸಿ. ಅದರ ಮೇಲೆ ತೆಂಜಿನ್ ಸುತ್ತ ಬಸ್ಸಿನ ಲೇನ್‌ಗಳು ಬೇರೆ, ಇಂತಿಂಥ ಹೊತ್ತಿನಲ್ಲಿ ಬಸ್ಸಿಗೆ ಮಾತ್ರ ಅಂತ, ಹೊಸಬರು ಆ ಹೊತ್ತು ಓದುವಷ್ಟರಲ್ಲಿ ಅದರೊಳಗೇ ಇರುತ್ತಾರೆ.

ಹಾಗಾದರೆ ಹೀಗೆ ಮಾಡಿ. ಮೊದಲ ಎರಡು ದಿನ ಊರಿನಲ್ಲಿ ಆರಾಮಾಗಿ ತಿರುಗಿ. ಮೂರನೇ ದಿನ ಬೆಳಗ್ಗೆ ಎಂಟು ಗಂಟೆಗೆ ಹಕಾತಾ ಸ್ಟೇಷನ್ನಿನ ಚಿಕುಷಿ ಬಾಗಿಲ ಕಡೆ ಹೋಗಿ, ಬಾಡಿಗೆ ಕಾರಿನ ಅಂಗಡಿಗಳು ಸಾಲಾಗಿವೆ. 48 ಗಂಟೆಗೆ ತಗೊಳ್ಳಿ. ಕೊಡುವಾಗ ಅಲ್ಲಿಯವರು ಒಂದು ಹಾಳೆ ಹಿಡಿದು ಕಾರಿನ ಸುತ್ತ ಬಂದು ಇರುವ ಗೀರುಗಳನ್ನೆಲ್ಲ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ನೀವೂ ಫೋನಿನಲ್ಲಿ ಒಂದು ಸುತ್ತು ವಿಡಿಯೋ ಮಾಡಿಕೊಳ್ಳಿ, ಚಕ್ರದ ರಿಮ್ ಸೇರಿಸಿ. ನೀವು ಹೊರಟು ಮೂಲೆ ತಿರುಗುವವರೆಗೂ ಅವರು ಬಾಗಿ ನಿಂತೇ ಇರುತ್ತಾರೆ, ಆ ಮರ್ಯಾದೆಗೆ ಗಾಬರಿಯಾಗಿ ಕರ್ಬ್‌ಗೆ ಉಜ್ಜಬೇಡಿ.

ಇಟಿಸಿ ಕಾರ್ಡ್ ಬಾಡಿಗೆಗೆ ಕೇಳಿ. ನಮ್ಮ ಫಾಸ್ಟ್ಯಾಗ್ ಥರವೇ, ಆದರೆ ಗಾಜಿಗೆ ಅಂಟಿಸೋದಲ್ಲ, ಕಾರಿನೊಳಗಿನ ಡಬ್ಬಿಗೆ ಕಾರ್ಡ್ ತೂರಿಸೋದು. ಟೋಲಿನಲ್ಲಿ ನೇರಳೆ ಬಣ್ಣದ ಇಟಿಸಿ ದಾರಿಗೆ 20 ಕಿ.ಮೀ. ವೇಗದಲ್ಲಿ ಹೋದರೆ ಕಂಬಿ ಏಳುತ್ತದೆ. ಏಳಲಿಲ್ಲ ಅಂದರೆ ಯಾವ ಕಾರಣಕ್ಕೂ ರಿವರ್ಸ್ ಬರಬೇಡಿ, ಅಲ್ಲೇ ನಿಂತು ಗುಂಡಿ ಒತ್ತಿ, ಯಾರಾದರೂ ಬರುತ್ತಾರೆ. ಫುಕುಓಕಾ ಇರುವ ದ್ವೀಪದ ಹೆಸರು ಕ್ಯೂಷು. ವಿದೇಶಿಯರಿಗೆ ಅಂತಲೇ ಕ್ಯೂಷು ಎಕ್ಸ್‌ಪ್ರೆಸ್‌ವೇ ಪಾಸ್ ಒಂದಿದೆ, ಇಟಿಸಿ ಕಾರ್ಡಿನ ಜೊತೆ ಸಿಗುತ್ತದೆ, ಎಷ್ಟು ದಿನಕ್ಕೆ ತಗೊಂಡಿರೋ ಅಷ್ಟು ದಿನ ಸತತವಾಗಿ ಓಡಾಡಬಹುದು. ಫುಕುಓಕಾ ಊರಿನೊಳಗಿನ ಮೇಲ್ಸೇತುವೆ ಎಕ್ಸ್‌ಪ್ರೆಸ್‌ವೇ ಅದರಲ್ಲಿ ಸೇರಿಲ್ಲ, ಅದು ಬೇರೆ ದುಡ್ಡು. ನಿಮ್ಮ ದಾರಿಗೆ ಪಾಸ್ ಲಾಭವೋ ಬಿಡಿಬಿಡಿ ಟೋಲ್ ಲಾಭವೋ ಅಂತ ಕೌಂಟರ್‌ನಲ್ಲೇ ಲೆಕ್ಕ ಹಾಕಿಸಿ.

ನ್ಯಾವಿಗೇಷನ್‌ಗೆ ಜಪಾನಿ ವಿಳಾಸ ಟೈಪ್ ಮಾಡೋ ಸಾಹಸ ಬೇಡ. ಹೋಟೆಲ್ಲಿನ ಫೋನ್ ನಂಬರ್ ಒತ್ತಿದರೆ ಅದೇ ದಾರಿ ತೋರಿಸುತ್ತದೆ. ಗುಡ್ಡ, ವ್ಯೂ ಪಾಯಿಂಟ್‌ಗಳಿಗೆ ಫೋನ್ ಇರೋದಿಲ್ಲ, ಅದಕ್ಕೆ ಮ್ಯಾಪ್‌ಕೋಡ್ ಅಂತ ಅಂಕಿಗಳಿವೆ, ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ. ಹಸಿರು ಬೋರ್ಡ್ ಅಂದರೆ ಎಕ್ಸ್‌ಪ್ರೆಸ್‌ವೇ, ನೀಲಿ ಅಂದರೆ ಸಾಮಾನ್ಯ ರಸ್ತೆ. ಎಕ್ಸ್‌ಪ್ರೆಸ್‌ವೇಯಲ್ಲಿ ಎಡ ಲೇನಿನಲ್ಲೇ ಇರಿ. ಬಲ ಲೇನ್ ಹಿಂದಿಕ್ಕೋಕೆ ಮಾತ್ರ, ಅಲ್ಲೇ ಕೂತುಬಿಟ್ಟರೆ ಅದಕ್ಕೂ ದಂಡ ಇದೆ. ಮೈಸೂರು ಬೆಂಗಳೂರು ರಸ್ತೆಯಲ್ಲಿ ಬಲ ಲೇನಿನಲ್ಲಿ 60ರಲ್ಲಿ ಹೋಗುವ ಲಾರಿಗಳನ್ನು ನೆನೆಸಿಕೊಂಡರೆ ಈ ನಿಯಮದ ಮೇಲೆ ಪ್ರೀತಿ ಬರುತ್ತದೆ.

ಕ್ಯೂಷು ಎಕ್ಸ್‌ಪ್ರೆಸ್‌ವೇ ಹಿಡಿದು ದಕ್ಷಿಣಕ್ಕೆ ಹೋಗಿ ಕುಮಾಮೋತೋದಲ್ಲಿ ಇಳಿದು ಅಸೋಗೆ ಏರಿ. 2016ರ ಏಪ್ರಿಲ್ ಭೂಕಂಪದಲ್ಲಿ ಈ ದಾರಿಯ ಅಸೋ ದೊಡ್ಡ ಸೇತುವೆ ಕಣಿವೆಗೆ ಕುಸಿದಿತ್ತು. ಸ್ವಲ್ಪ ಕೆಳಗೆ ಹೊಸದು ಕಟ್ಟಿ 2021ರ ಮಾರ್ಚ್‌ನಲ್ಲಿ ಬಿಟ್ಟರು, ಪಕ್ಕದಲ್ಲಿ ನಿಂತು ನೋಡೋಕೆ ಜಾಗ ಇದೆ. ಅಸೋ ಅಂದರೆ ಒಂದು ಬೆಟ್ಟ ಅಂದುಕೊಂಡು ಬರುತ್ತಾರೆ ಜನ. ಉತ್ತರ ದಕ್ಷಿಣ 25 ಕಿ.ಮೀ. ಇರುವ ಅಗ್ನಿಪರ್ವತದ ಬಟ್ಟಲು ಅದು, ಅದರೊಳಗೆ ಊರು, ಗದ್ದೆ, ರೈಲು ಎಲ್ಲ ಇದೆ. ದೈಕಾನ್‌ಬೋ ಅನ್ನೋ ಅಂಚಿಗೆ ಕಾರು ಹತ್ತಿರದವರೆಗೂ ಹೋಗುತ್ತದೆ, ತಂದೆಯವರು ಜಾಸ್ತಿ ನಡೆಯದೇ ಅಷ್ಟೂ ನೋಡಬಹುದು. ಚಳಿಗಾಲದ ಕೊನೆಗೆ ಹುಲ್ಲುಗಾವಲಿಗೆ ಬೆಂಕಿ ಹಾಕಿ ಸುಡುತ್ತಾರೆ. ನೀವು ಬರುವ ಹೊತ್ತಿಗೆ ಆ ಕಪ್ಪು ಗುಡ್ಡಗಳ ಮೇಲೆ ಎಳೇ ಹಸಿರು ಹೊದಿಸಿದ ಹಾಗಿರುತ್ತದೆ. ಬಟ್ಟಲಿನ ನಡುವೆ ಈಗಲೂ ಹೊಗೆಯಾಡುವ ನಾಕಾದಾಕೆ ಶಿಖರದ ಬಾಯಿಯ ಹತ್ತಿರ ಹೋಗೋದು ಆ ದಿನದ ಅನಿಲದ ಮೇಲೆ ಹೋಗುತ್ತದೆ, ಎಷ್ಟೋ ಸಲ ಮುಚ್ಚಿರುತ್ತಾರೆ. ಮನೆಯಲ್ಲಿ ಯಾರಿಗಾದರೂ ಅಸ್ತಮಾ, ಹೃದಯದ ತೊಂದರೆ ಇದ್ದರೆ ತೆರೆದಿದ್ದರೂ ಅಲ್ಲಿಗೆ ಹೋಗಬಾರದು.

ರಾತ್ರಿ ಅಸೋದಲ್ಲಿ ಅಥವಾ ಕುರೋಕಾವಾ ಅನ್ನೋ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ಉಳಿದು, ಮಾರನೇ ದಿನ ಯಾಮಾನಾಮಿ ರಸ್ತೆಯಲ್ಲಿ ಯುಫುಯಿನ್‌ಗೆ ಹೋಗಿ. ಈ ರಸ್ತೆಗಾಗಿಯೇ ಕಾರು ತಗೊಳ್ಳಿ ಅಂತ ನಾನು ಹೇಳೋದು. ಅಲ್ಲಿಂದ ಓಯಿತಾ ಎಕ್ಸ್‌ಪ್ರೆಸ್‌ವೇ, ತೋಸು ಜಂಕ್ಷನ್, ಮತ್ತೆ ಫುಕುಓಕಾ, ಒಟ್ಟು ಎರಡು ಗಂಟೆ ಚಿಲ್ಲರೆ. ಸಸ್ಯಾಹಾರಿಗಳಾದರೆ ಕಾರಿನ ದೊಡ್ಡ ಲಾಭ ಡಿಕ್ಕಿ. ಮನೆಯಿಂದ ತಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇಟ್ಟುಕೊಳ್ಳಿ, ಅಂಗಡಿಯಲ್ಲಿ ಬಿಸಿ ಮಾಡಿದ ಅನ್ನದ ಡಬ್ಬಿ ಸಿಗುತ್ತದೆ. 'ಮಿಚಿ ನೋ ಎಕಿ' ಅನ್ನೋ ರಸ್ತೆ ಬದಿಯ ತಂಗುದಾಣಗಳಲ್ಲಿ ರೈತರ ಹಣ್ಣು ತರಕಾರಿ, ಶುಚಿಯಾದ ಶೌಚಾಲಯ, ಪುಕ್ಕಟೆ ಪಾರ್ಕಿಂಗ್ ಎಲ್ಲ ಇದೆ. ನಿಲ್ಲಿಸೋದು ಸುಲಭ ಆಗೋದು ಅಲ್ಲೊಂದೇ ಕಡೆ.

ಪ್ರಯಾಣ ಏಪ್ರಿಲ್ ಕೊನೆಗೆ ಜರುಗಿದರೆ ನನಗೆ ಮತ್ತೆ ಬರೆಯಿರಿ. 29ರಿಂದ ಮೇ 5ರವರೆಗೆ ಗೋಲ್ಡನ್ ವೀಕ್ ಅನ್ನೋ ಸಾಲು ರಜೆ, ಇಡೀ ಜಪಾನ್ ರಸ್ತೆಯಲ್ಲಿರುತ್ತದೆ, ಆಗ ಹೇಳುವ ಸಲಹೆಯೇ ಬೇರೆ.

ವಾಪಸ್ ಕೊಡುವಾಗ ಟ್ಯಾಂಕ್ ತುಂಬಿಸಿ, ಬಿಲ್ ಇಟ್ಟುಕೊಂಡು ಹೋಗಬೇಕು. ಬಂಕಿನಲ್ಲಿ 'ರೆಗ್ಯುರಾ, ಮಾನ್‌ತಾನ್' ಅಂದರೆ ಸಾಮಾನ್ಯ ಪೆಟ್ರೋಲ್, ಫುಲ್ ಟ್ಯಾಂಕ್. ನಾವೇ ಹಾಕಿಕೊಳ್ಳೋ ಬಂಕಾದರೆ ಕೆಂಪು ಹಿಡಿಕೆ. ಹಳದಿ ಅಂದರೆ ದುಬಾರಿ ಪೆಟ್ರೋಲ್. ಹಸಿರು ಹಿಡಿಕೆ ಡೀಸೆಲ್, ಯುರೋಪಿನಲ್ಲಿ ಹಲವು ಕಡೆ ಹಸಿರು ಅಂದರೆ ಪೆಟ್ರೋಲ್, ಹಾಗಾಗಿ ಅಣ್ಣನ ಕೈಗೆ ಪೈಪ್ ಕೊಡಬೇಡಿ. ಡೀಸೆಲ್ಲಿಗೆ ಇಲ್ಲಿ 'ಕೇಯು' ಅಂತಾರೆ, ಹಗುರ ಎಣ್ಣೆ ಅಂತ ಅರ್ಥ. ಕೇ ಕಾರಿಗೆ ಕೇಯು ಅಂದುಕೊಂಡು ಡೀಸೆಲ್ ತುಂಬಿ ಇಂಜಿನ್ ಕೆಡಿಸಿಕೊಳ್ಳುವ ಜಪಾನೀಯರೇ ಇದ್ದಾರೆ. ಗುಡ್ಡದ ಹಳ್ಳಿಗಳಲ್ಲಿ ಬಂಕು ಸಂಜೆಗೇ ಮುಚ್ಚುತ್ತದೆ, ಅರ್ಧಕ್ಕಿಂತ ಕಡಿಮೆ ಆಗೋಕೆ ಬಿಡಬೇಡಿ. ಕಾರಿನ ಅಂಗಡಿಯೂ ರಾತ್ರಿ ಎಂಟರ ಆಸುಪಾಸು ಬಾಗಿಲು ಹಾಕುತ್ತದೆ, ತಡವಾಗೋ ಹಾಗಿದ್ದರೆ ಮೊದಲೇ ಫೋನ್ ಮಾಡಿ. ಕೀಲಿ ಕೊಡುವ ಮುಂಚೆ ಇಟಿಸಿ ಕಾರ್ಡ್ ಡಬ್ಬಿಯಿಂದ ತೆಗೆದಿರಾ, ಮಗನ ಆಟಿಕೆ ಸೀಟಿನ ಸಂದಿಯಲ್ಲಿದೆಯಾ ನೋಡಿ. ಅಲ್ಲಿಂದ ಹೋಟೆಲ್ಲಿಗೆ ಟ್ಯಾಕ್ಸಿ ಮಾಡಿ, ಸಾಮಾನು ಅಲ್ಲೇ ಕಾಯುತ್ತಿರುತ್ತದೆ.